ಕರಕಲು ಬ್ರೆಡ್ಡಿನ ಗಿರಾಕಿ

ಮಾವನ ಮಾತು ಉದ್ದ ಎಂಬುದು ಬೇಕರಿ ಮನೆಯ ಸೊಸೆಗೂ ಉಳಿದವರಿಗೂ ಮೊದಲಿನಿಂದ ಗೊತ್ತಿದ್ದ ಸಂಗತಿ. ಅದು ಲೋಕಕ್ಕೆಲ್ಲ ಗೊತ್ತಾದದ್ದು ಪ್ರಾರ್ಥನಾ ಮಂದಿರಕ್ಕೆ ಕ್ಯಾಮೆರಾ ಬಂದ ಮೇಲೆ.

ಆ ಮಂದಿರದಲ್ಲಿ ಸಂಬಳದ ಗುರುಗಳು ಯಾರೂ ಇರಲಿಲ್ಲ. ಹಾಡುವವರು ಹಾಡುತ್ತಿದ್ದರು, ಓದುವವರು ಓದುತ್ತಿದ್ದರು. ಯಾರಾದರೂ ತೀರಿಕೊಂಡರೆ ಅವರ ಬಗ್ಗೆ ನೆನಪಿನ ಮಾತು ಆಡುವುದು ಮಾವನ ಪಾಲಿನ ಕೆಲಸ. ಅದಕ್ಕೊಂದು ಕ್ರಮವಿತ್ತು. ಮಾತಾಡುವವರು ಮೊದಲು ಸಾವಾದ ಮನೆಗೆ ಹೋಗಿ, ಕೂತು, ಕೇಳಿ ಬರಬೇಕು. ಆಮೇಲೆ ಸಭೆಯಲ್ಲಿ ಮಾತಾಡುವಾಗ ತಪ್ಪು ಕಂಡವರು ಕೈಯೆತ್ತಿ ಅಲ್ಲೇ ತಿದ್ದಬಹುದು. ತಿದ್ದಿಸಿಕೊಂಡವರು ವಾದಕ್ಕಿಳಿಯುವಂತಿಲ್ಲ; "ಒಪ್ಪಿದೆ" ಎಂದು ಮುಂದುವರಿಯಬೇಕು. ಸತ್ತವರ ಬಗ್ಗೆ ದೇವರ ಮುಂದೆ ಸುಳ್ಳು ಉಳಿಯಬಾರದು ಎಂದು ಹಿಂದಿನವರು ಮಾಡಿಟ್ಟ ಏರ್ಪಾಡು. ಹೀಗಾಗಿ ಮಾವ "ಆತ ಬಹಳ ಶಾಂತ ಸ್ವಭಾವದವನು" ಎನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತಿತ್ತು.

"ಶಾಂತ ಎಲ್ಲಿಂದ ಬಂತು? ನನ್ನ ಮೇಲೆ ಬಕೆಟ್ ಎಸೆದಿದ್ದ."

"ಒಪ್ಪಿದೆ."

"ಬಕೆಟ್ ಅಲ್ಲ, ಚೊಂಬು," ಎಂದು ಇನ್ನೊಂದು ಕೈ.

"ಒಪ್ಪಿದೆ."

ಜನ ನಗುತ್ತಿದ್ದರು, ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದರು, ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ತಿಳಿಯದಿದ್ದದ್ದು ಎದುರಿಗೆ ಕೂತವರಿಗೆ, ಅಷ್ಟೇ. ದೂರದೂರುಗಳಿಗೆ ಹೋದವರೂ ನೋಡಲಿ ಎಂದು ಮಂದಿರದ ಕಾರ್ಯದರ್ಶಿ ಸ್ಟ್ಯಾಂಡಿಗೆ ಫೋನು ಸಿಕ್ಕಿಸಿ ನೇರಪ್ರಸಾರ ಶುರು ಮಾಡಿದ. ಫೋನಿನಲ್ಲಿ ನೋಡುವವರಿಗೆ ಹಿಂದಿನ ಬೆಂಚು ಕಾಣಿಸುವುದಿಲ್ಲ, ತಿದ್ದುವವರ ದನಿ ಕೇಳಿಸುವುದಿಲ್ಲ. ಕಾಣುವುದು ಒಬ್ಬ ಮುದುಕ. ಮಾತು ನಿಲ್ಲಿಸುತ್ತಾನೆ, ಕಿವಿಗೆ ಕೈ ಹಿಡಿಯುತ್ತಾನೆ, "ಒಪ್ಪಿದೆ" ಎನ್ನುತ್ತಾನೆ, ಮತ್ತೆ ಮೊದಲಿನಿಂದ ಶುರು ಮಾಡುತ್ತಾನೆ.

"ಇಲ್ನೋಡಮ್ಮಾ," ಸೊಸೆಯ ಮಗಳು ಒಂದು ಸಂಜೆ ಊಟಕ್ಕೆ ಕೂತಾಗ ಫೋನಿನಲ್ಲಿ ಪ್ರಸಾರದ ಕೆಳಗಿದ್ದ ಕಾಮೆಂಟು ಓದಿದಳು. "'ಅಜ್ಜನ ಪುರಾಣ ಮುಗಿಯೋದ್ರೊಳಗೆ ನಾವೂ ಹೋಗಿರ್ತೀವಿ, ನಮ್ಮದನ್ನೂ ಒಟ್ಟಿಗೇ ಹೇಳಿ ಮುಗಿಸ್ಲಿ.' ನಗೋ ಮುಖ ಬೇರೆ ಹಾಕಿದ್ದಾರೆ."

ಮಾವ ಬ್ರೆಡ್ಡನ್ನು ಸೂಪಿಗೆ ಅದ್ದುತ್ತಿದ್ದವರು ಕೈ ನಿಲ್ಲಿಸಿದರು. "ಯಾರಮ್ಮ ಹಾಗಂದದ್ದು?"

"ಯಾರೋ, ತಾತ. ಬಿಡು."

ಯಾರೋ ಅಲ್ಲ. ಸೊಸೆ ಆಗಲೇ ಬಗ್ಗಿ ಹೆಸರು ನೋಡಿಯಾಗಿತ್ತು. ಅವಳ ತವರಿನ ಅತ್ತಿಗೆ! ಆ ನಗುವ ಮುಖ ಮಾವನಿಗಿಂತ ಹೆಚ್ಚಾಗಿ ತನ್ನನ್ನೇ ನೋಡಿ ನಗುತ್ತಿದೆ ಎಂದು ಸೊಸೆಗೆ ಅನ್ನಿಸಿತು. ಒಳ್ಳೆಯವಳೇ, ಕೆಲಸದಲ್ಲಿ ಚುರುಕು, ಆದರೆ ನಾಲ್ಕು ಜನ ಏನಂದಾರು ಎಂಬ ಭಯ ಅವಳಿಗೆ ತುಸು ಜಾಸ್ತಿ.

ಮಾರನೇ ದಿನ ಕೌಂಟರಿನಲ್ಲಿ ಬಿಡುವಾದಾಗ ಅವಳು ಮಾವನ ಹತ್ತಿರ ಹೋದಳು. "ಮಾವ, ಇನ್ಮುಂದೆ ಬರೆದಿಟ್ಕೊಂಡು ಓದಿ. ಫೋನಿನಲ್ಲಿ ಎಐ ಅಂತ ಇದೆ. ನಾಲ್ಕು ವಿಷಯ ಹೇಳಿದ್ರೆ ಚೆನ್ನಾಗಿ ಭಾಷಣ ಬರೆದುಕೊಡುತ್ತೆ. ದೊಡ್ಡಕ್ಷರದಲ್ಲಿ ಪ್ರಿಂಟ್ ಹಾಕಿಸಿ ಕೊಡ್ತೀನಿ."

"ಅದಕ್ಕೆ ಸತ್ತವರು ಗೊತ್ತೇನಮ್ಮ?"

"ನಾವು ಹೇಳ್ತೀವಲ್ಲ."

ಮಗಳು ಬ್ಯಾಗು ಹೆಗಲಿಗೇರಿಸುತ್ತ ಅಂದಳು, "ಅಮ್ಮಾ, ಅದು ಇಲ್ಲದ್ದನ್ನೂ ಸೇರಿಸಿಬಿಡುತ್ತೆ. ಓದಿ ನೋಡಿ ಕೊಡು."

"ನೀನು ಕಾಲೇಜಿಗೆ ಹೊರಡು. ನನಗೂ ಒಂಚೂರು ಬುದ್ಧಿ ಇದೆ."

ಮೊದಲ ಭಾಷಣ ತೀರಿಕೊಂಡ ಒಬ್ಬ ನಿವೃತ್ತ ಟೀಚರ್ ಬಗ್ಗೆ. ಮಾವ ಅವರ ಮನೆಗೆ ಹೋಗಿ ಕೇಳಿ ಬಂದರು, ಸೊಸೆ ಟೈಪು ಮಾಡಿದಳು, ಎಐ ಬರೆಯಿತು. "ಜ್ಞಾನದ ದೀಪ," "ಬಾಳಿನ ಪಯಣ" ಎಂದೆಲ್ಲ ಮಾತುಗಳಿದ್ದವು. ಮಾವ ಗಂಭೀರವಾಗಿ ಓದಿದರು, ಬೇಗ ಮುಗಿಯಿತು, ಫೋನಿನ ತುಂಬ ಕೈಮುಗಿಯುವ ಚಿತ್ರಗಳು ಬಂದವು. ಅತ್ತಿಗೆ ಕೂಡ ಹೂವಿನ ಚಿತ್ರ ಹಾಕಿದಳು.

"ಒಬ್ಬರೂ ಕೈ ಎತ್ತಲಿಲ್ವಲ್ಲಮ್ಮ," ಮನೆಗೆ ಬರುವಾಗ ಮಾವ ಅನುಮಾನದಿಂದ ಕೇಳಿದರು.

"ತಪ್ಪಿದ್ರೆ ತಾನೇ ತಿದ್ದೋದು ಮಾವ?"

ಹೊಗಳಿಕೆ ಯಾರಿಗೆ ಬೇಡ? ಬೇಕರಿಗೆ ಬಂದವರೆಲ್ಲ "ಏನು ಹಿರಿಯರೇ, ಭಾಷೆ ಏನು ಓಟ!" ಎಂದರೆ ಮುದುಕರೂ ಉಬ್ಬುತ್ತಾರೆ. ಮಾವ ಉಬ್ಬಿದರು. ಮುಂದಿನ ಸಾವಿಗೆ ಮಂಡಿನೋವೆಂದು ಮನೆಗೆ ಹೋಗಿ ಕೇಳಿ ಬರುವುದನ್ನು ಬಿಟ್ಟರು. ಸೊಸೆ ಫೋನಿನಲ್ಲೇ ವಿಚಾರಿಸಿ ಬರೆಸಿದಳು. ಅದೂ ಸಾಂಗವಾಗಿ ನಡೆದುಹೋಯಿತು. ಯಂತ್ರ ಬರೆದದ್ದು ಎಂದು ಹೊರಗಿನವರಿಗೆ ಯಾರೂ ಹೇಳಲಿಲ್ಲ. ಹೇಳಬಾರದು ಎಂದು ಮಾತಾಗಿರಲೂ ಇಲ್ಲ.

ಆಮೇಲೆ ಟೈಲರ್ ಹೋದ.

ಟೈಲರ್ ಎಂದರೆ ಬೇಕರಿ ಬೀದಿಯ ಕೊನೆಯಲ್ಲಿದ್ದ ಮುದುಕ, ಮಾವನ ಜೀವದ ಗೆಳೆಯ. ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಬಂದು "ಕರಕಲಿದೆಯೇನಮ್ಮ?" ಎಂದು ಕೇಳುತ್ತಿದ್ದ. ಬೇಕರಿಯ ಭಟ್ಟಿಗೆ ಒಂದು ಐಬಿತ್ತು: ಹಿಂದಿನ ಮೂಲೆಯಲ್ಲಿಟ್ಟ ಬ್ರೆಡ್ಡು ದಿನವೂ ಕರಕಲಾಗುತ್ತಿತ್ತು. ರಿಪೇರಿ ಮಾಡಿಸಿ ಎಂದರೆ ಸೊಸೆಯ ಗಂಡ, "ಅದನ್ನು ತಗೊಳ್ಳೋಕೆ ಗಿರಾಕಿ ಇದಾರಲ್ಲ" ಎನ್ನುತ್ತಿದ್ದ. ಆ ಗಿರಾಕಿ ಟೈಲರ್. ಸೊಸೆ ಅದನ್ನು ಬೇರೆಯಾಗಿ ತೆಗೆದಿಟ್ಟು, "ನಿಮ್ಮ ಕಲ್ಲಿದ್ದಲು ರೆಡಿ ದೊಡ್ಡಪ್ಪ" ಎಂದು ಕೊಡುತ್ತಿದ್ದಳು. ಅವನು ಪೂರಾ ದುಡ್ಡು ಕೊಟ್ಟು, ನಕ್ಕು, ಕಂಕುಳಲ್ಲಿಟ್ಟುಕೊಂಡು ಹೋಗುತ್ತಿದ್ದ. ಟೈಲರ್ ದಂಪತಿಗೆ ಮಕ್ಕಳಿರಲಿಲ್ಲ. ಆ ಮಾತನ್ನು ಅವರ ಎದುರಿಗೆ ಯಾರೂ ಎತ್ತುತ್ತಿರಲಿಲ್ಲ.

ಸುದ್ದಿ ಬಂದ ದಿನ ಮಾವ ಕೌಂಟರಿನ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟರು. ಅಂಗಡಿಯಲ್ಲಿ ಗಿರಾಕಿಗಳ ನೂಕುನುಗ್ಗಲು.

"ಬರ್ಕೋಮ್ಮ," ಎಂದರು. "ಅವನೂ ನಾನೂ ಹುಡುಗರಾಗಿದ್ದಾಗ ಒಂದೇ ಸೈಕಲ್ಲು..." ಮೂಗೊರೆಸಿಕೊಂಡು ಮತ್ತೆ ಶುರು ಮಾಡಿದರು. "ಒಂದೇ ಸೈಕಲ್ಲು ನಮಗೆ. ಅವನು ತುಳಿಯೋದು, ನಾನು..."

"ಮಾವ, ಜನ ನಿಂತಿದ್ದಾರೆ," ಸೊಸೆ ಬನ್ನು ಕಟ್ಟುತ್ತ ಅಂದಳು. "ನೀವು ಒಳಗೆ ಹೋಗಿ ಸ್ವಲ್ಪ ಮಲಗಿ. ಫೋನಿಗೆ ನಾನು ಹಾಕ್ತೀನಿ ಬಿಡಿ, ನಮಗೆ ಗೊತ್ತಿಲ್ದೆ ಇರೋರಾ?"

ಮಾವ ಎದ್ದು ಒಳಗೆ ಹೋದರು. ಒಂದು ಕೈಯಲ್ಲಿ ಚಿಲ್ಲರೆ ಕೊಡುತ್ತ, ಇನ್ನೊಂದು ಕೈಯ ಹೆಬ್ಬೆರಳಿನಲ್ಲಿ ಸೊಸೆ ಒತ್ತಿದಳು: 'ಹಿರಿಯರು, ಟೈಲರ್, ಒಳ್ಳೆಯ ಮನುಷ್ಯ, ಹೆಂಡತಿ ಇದ್ದಾರೆ, ಎಲ್ಲರಿಗೂ ಬೇಕಾದವರು, ಮನಮುಟ್ಟುವ ಹಾಗೆ ಬರಿ.' ಅದು ಬರೆಯಿತು. ಅವಳು ಓದಲಿಲ್ಲ. ಪ್ರಿಂಟು ಮಾವನ ಕೈ ಸೇರಿದ್ದು ಮಂದಿರದ ಗೇಟಿನಲ್ಲಿ.

ಮಾವ ಓದುತ್ತ ಹೋದರು. ದಾರ, ಸೂಜಿ, ಹರಿದ ಬದುಕನ್ನು ಹೊಲಿಯುವುದು ಎಂದು ಏನೇನೋ ಇತ್ತು. "ಸಂಜೆಯಾದರೆ ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳುತ್ತಿದ್ದ ಆ ಪ್ರೀತಿಯ ತಾತ..."

ಬಾಯಿ ಓದಿ ಮುಗಿಸಿದ ಮೇಲೆ ಕಿವಿಗೆ ಗೊತ್ತಾಯಿತು. ಮಾವ ನಿಂತರು. ಕನ್ನಡಕ ಸರಿ ಮಾಡಿಕೊಂಡು ಅದೇ ಸಾಲನ್ನು ಇನ್ನೊಮ್ಮೆ ನೋಡಿದರು, ಅಲ್ಲಿ ಬೇರೇನಾದರೂ ಇರಬಹುದೇನೋ ಎಂಬಂತೆ. ಆಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ಟೈಲರನ ಹೆಂಡತಿಯ ಕಡೆ ನೋಡಿದರು. ಆಕೆ ಕೈಯೆತ್ತಿದ್ದರೆ ಸಾಕಿತ್ತು. ಒಂದು "ಒಪ್ಪಿದೆ"ಯಲ್ಲಿ ಎಲ್ಲ ಮುಗಿಯುತ್ತಿತ್ತು. ಆಕೆ ಕೈಯೆತ್ತಲಿಲ್ಲ. ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೆಲ ನೋಡುತ್ತ ಕೂತಿದ್ದರು. ಆಕೆ ಎತ್ತದ ಮೇಲೆ ಬೇರೆಯವರು ಹೇಗೆ ಎತ್ತುತ್ತಾರೆ? ಸಭೆಗೆ ಸಭೆಯೇ ತಲೆ ತಗ್ಗಿಸಿತು. ಕಾರ್ಯದರ್ಶಿ ಗಡಿಬಿಡಿಯಿಂದ ಹಾಡು ಎತ್ತಿಕೊಂಡ. ಹೆಂಗಸರ ಸಾಲಿನಲ್ಲಿದ್ದ ಸೊಸೆಗೆ ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು.

ನೆಲ ನುಂಗಲಿಲ್ಲ. ಮನೆಗೆ ಹೋಗಬೇಕಾಯಿತು, ಅಡುಗೆ ಮಾಡಬೇಕಾಯಿತು.

"ಯಾರೋ ಕ್ಲಿಪ್ ಮಾಡಿ ಹಾಕಿದ್ದಾರೆ," ಎಂದಳು ಮಗಳು. ಅವಳಿಗೂ ಅಳು ಬಂದಿತ್ತು. "ಅಜ್ಜನಿಗೆ ಅರಳು ಮರಳು ಅಂತ."

"ಓದಿ ನೋಡೋಕೆ ಏನಾಗಿತ್ತೇ ನಿನಗೆ?" ಗಂಡ ಹೆಂಡತಿಯ ಮೇಲೆ ಹಾರಿಬಿದ್ದ.

"ಕೌಂಟರಿನಲ್ಲಿ ಇದ್ದದ್ದು ನಾನೊಬ್ಬಳೇ. ನೀವೆಲ್ಲಿದ್ರಿ?"

"ಭಟ್ಟಿ ಮುಂದೆ ಬೇಯ್ತಾ ಇದ್ದೆ!"

"ಸಾಕು," ಎಂದರು ಮಾವ. "ಓದಿದ ಬಾಯಿ ನನ್ನದು. ಅವನ ಮನೆಗೆ ಹೋಗದೆ ಇದ್ದ ಕಾಲೂ ನನ್ನದೇ." ಅಷ್ಟು ಹೇಳಿ ತಟ್ಟೆ ಸರಿಸಿ ಎದ್ದರು.

ಎರಡು ದಿನ ಕಳೆದು ಕಾರ್ಯದರ್ಶಿ ಬೇಕರಿಗೆ ಬಂದ. ನಿಂತಲ್ಲೇ ಟೀ ಕುಡಿದು, ಗಂಟಲು ಸರಿಮಾಡಿಕೊಂಡು, "ಹಿರಿಯರೇ, ತಪ್ಪು ತಿಳೀಬೇಡಿ. ಎಲ್ಲರೂ ಕೇಳ್ತಿದ್ದಾರೆ. ಆ ಭಾಷಣ ಬರೆದವರು ಯಾರು?" ಎಂದ.

ಸೊಸೆ ಬ್ರೆಡ್ಡು ಹೋಳು ಮಾಡುತ್ತಿದ್ದಳು. ಚಾಕು ನಿಂತಿತು.

"ನಾನೇ ಹೇಳಿ ಬರೆಸಿದ್ದು," ಎಂದರು ಮಾವ. "ವಯಸ್ಸಾಯ್ತಪ್ಪ. ತಲೆ ನಿಲ್ಲಲ್ಲ. ಇನ್ಮೇಲೆ ಬೇರೆಯವರನ್ನು ನೋಡ್ಕೊಳ್ಳಿ."

ಆ ಒಂದು ಕ್ಷಣದಲ್ಲಿ ಸೊಸೆ ಬಾಯಿ ತೆರೆಯಬಹುದಿತ್ತು. ನಾಲಿಗೆಯ ತುದಿಯವರೆಗೆ ಬಂದಿತ್ತು. ಅಷ್ಟರಲ್ಲಿ ಗಿರಾಕಿಯೊಬ್ಬಳು ಅರ್ಧ ಪೌಂಡು ಎಂದಳು, ಸೊಸೆ ಅರ್ಧ ಪೌಂಡು ಕಟ್ಟಿದಳು. ಕಾರ್ಯದರ್ಶಿ ಹೋದ ಮೇಲೂ ಅವಳಿಗೆ ತಲೆಯೆತ್ತಿ ಮಾವನ ಮುಖ ನೋಡಲು ಆಗಲಿಲ್ಲ.

"ಒಳ್ಳೇದಾಯ್ತು," ಎಂದ ಗಂಡ, ಊಟದ ಹೊತ್ತಿಗೆ, ಮಾವ ಏಳುವುದನ್ನೇ ಕಾದಿದ್ದು. "ಅಪ್ಪನಿಗೆ ವಯಸ್ಸಾಗಿದೆ, ಜನ ಕ್ಷಮಿಸ್ತಾರೆ. ನಿನ್ನ ಹೆಸರು ಬಂದ್ರೆ ಅಂಗಡಿಗೆ ಏಟು. ಬಾಯಿ ಮುಚ್ಕೊಂಡಿರು."

"ಅಂದ್ರೆ ತಾತನ್ನ ಮುಂದೆ ನಿಲ್ಸಿ ಹಿಂದೆ ಬಚ್ಚಿಟ್ಕೊಳ್ಳೋದಾ?" ಎಂದಳು ಮಗಳು.

"ನೀನು ಊಟ ಮಾಡು."

"ಅಮ್ಮನೂ ಅದನ್ನೇ ಹೇಳ್ತಾಳಾ?"

ಅಮ್ಮ ಪಾತ್ರೆ ಎತ್ತಿಕೊಂಡು ಹೋದಳು. ಮಗಳ ಎದುರಿಗೆ ಕಳ್ಳಿಯ ಹಾಗೆ ನಿಲ್ಲುವುದಕ್ಕಿಂತ ಪಾತ್ರೆ ತಿಕ್ಕುವುದು ಸುಲಭವಾಗಿತ್ತು.

ವಾರಗಳು ಹೋದವು. ಮಾವ ಮಂದಿರದಲ್ಲಿ ಹಿಂದಿನ ಬೆಂಚಿಗೆ ಹೋಗಿ ಕೂರತೊಡಗಿದರು. ಬೇಕರಿಯ ಸ್ಟೂಲಿನ ಮೇಲೆ ಕೂರುವುದನ್ನು ಬಿಟ್ಟರು. ಕೊಟ್ಟಷ್ಟು ತಿಂದರು, ಕೇಳಿದಷ್ಟಕ್ಕೆ ಉತ್ತರ ಕೊಟ್ಟರು. ಅವರ ಉದ್ದುದ್ದ ಮಾತಿನಿಂದ ಬೇಸತ್ತಿದ್ದ ಮನೆಗೆ ಈಗ ಅದಿಲ್ಲದೆ ಬಿಕೋ ಎನ್ನಿಸಿತು. ಟೈಲರನ ಹೆಂಡತಿ ಬ್ರೆಡ್ಡಿಗೆ ಬರಲೇ ಇಲ್ಲ. ಭಟ್ಟಿಯ ಮೂಲೆಯ ಕರಕಲು ಬ್ರೆಡ್ಡು ದಿನಾ ಬೆಳಿಗ್ಗೆ ಕಪಾಟಿನಲ್ಲಿ ಒಂಟಿಯಾಗಿ ಉಳಿಯುತ್ತಿತ್ತು.

ಅದನ್ನು ನೋಡಿ ನೋಡಿ ಸೊಸೆಗೆ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಅದನ್ನೇ ಕಾಗದದಲ್ಲಿ ಸುತ್ತಿಕೊಂಡು ಬೀದಿಯ ಕೊನೆಗೆ ನಡೆದಳು.

ಟೈಲರನ ಹೆಂಡತಿ ಬಾಗಿಲು ತೆರೆದು ಒಳಗೆ ಕರೆದರು. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು. ಸೊಸೆ ಪೊಟ್ಟಣ ಕೊಟ್ಟಳು. ಆಕೆ ಬಿಚ್ಚಿ ನೋಡಿ, "ಅವರ ಬ್ರೆಡ್ ತಂದಿದ್ದೀಯಾ" ಎಂದರು. ಮುಖದಲ್ಲಿ ನಗುವೋ ಏನೋ ಒಂದು ಹಾದುಹೋಯಿತು. ಬ್ರೆಡ್ಡನ್ನು ಯಂತ್ರದ ಪಕ್ಕದಲ್ಲಿಟ್ಟರು.

"ದೊಡ್ಡಮ್ಮ, ಆ ಮಾತು ಮಾವನದಲ್ಲ. ನಾನು ಫೋನಿನಲ್ಲಿ ಬರೆಸಿದ್ದು. ಓದಿ ಕೂಡ ನೋಡಿರಲಿಲ್ಲ."

ಆಕೆ ಬಿಚ್ಚಿದ ಕಾಗದವನ್ನು ಮಡಿಸಿಟ್ಟರು. "ಮೊಮ್ಮಕ್ಕಳು ಅಂದಾಗ ನಾನು ಅಕ್ಕಪಕ್ಕ ನೋಡಿದೆ ಕಣಮ್ಮ. ಬೇರೆ ಯಾರದೋ ಸಾವಿಗೆ ಬಂದು ಕೂತಿದ್ದೀನೇನೋ ಅನ್ನಿಸ್ತು."

"ನೀವು ಕೈ ಎತ್ತಬಹುದಿತ್ತಲ್ಲ ದೊಡ್ಡಮ್ಮ."

"ಎತ್ತಿ ಏನಂತ ಹೇಳ್ಲಿ? ಮೊಮ್ಮಕ್ಕಳಿಲ್ಲ ಅನ್ನೋಕೆ ಮಕ್ಕಳಿಲ್ಲ ಅನ್ನಬೇಕು. ಅಷ್ಟು ಜನರ ಮುಂದೆ, ಆ ಕ್ಯಾಮೆರಾ ಮುಂದೆ, ಅವರು ಹೋದ ದಿನ, ನನ್ನ ಬಾಯಿಂದಲೇ?"

ಸೊಸೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಆಕೆ ಸಮಾಧಾನ ಮಾಡಲು ಹೋಗಲಿಲ್ಲ.

"ನನ್ನ ಮನೇಲಿ ಹೇಳಿದ್ದು ನನಗಾಯ್ತು," ಎಂದರು. "ಅಲ್ಲಿ ಕೇಳಿಸಿಕೊಂಡವರಿಗೆ? ನಿಮ್ಮ ಮಾವನ್ನ ಮರುಳ ಅಂತಿದ್ದಾರಂತೆ."

"ತಿಂಗಳ ಕೂಟದಲ್ಲಿ ನಾನೇ ಎದ್ದು ಹೇಳ್ತೀನಿ. ಅದಕ್ಕೇ ಕೇಳ್ಕೊಂಡು ಹೋಗೋಣ ಅಂತ ಬಂದೆ. ಅವರ ಬಗ್ಗೆ ಏನಾದ್ರೂ ಹೇಳಿ."

"ದಿನಾ ಬೆಳಿಗ್ಗೆ ಅವರ ಮುಖ ನೋಡಿದವಳು ನೀನು. ನೀನು ಕಂಡದ್ದನ್ನು ಹೇಳು. ತಪ್ಪಿದ್ರೆ ನಾನಿದ್ದೀನಲ್ಲ."

ಸಾವಾಗಿ ತಿಂಗಳು ತುಂಬಿದ ವಾರದ ಆ ಕೂಟದಲ್ಲಿ ಇಷ್ಟವಿದ್ದವರು ಎದ್ದುನಿಂತು, ತೀರಿಹೋದವರ ಬಗ್ಗೆ ನಾಲ್ಕು ಮಾತಾಡುವುದಿತ್ತು. ಹೊರಡುವ ಮುಂಚೆ ಗಂಡ ಬಾಗಿಲಿಗೆ ಅಡ್ಡ ನಿಂತ.

"ಬೇಡ ಕಣೇ. ಮುಚ್ಚಿಹೋಗಿರೋದನ್ನ ಯಾಕೆ ಕೆದಕ್ತೀಯಾ?"

"ಮುಚ್ಚಿರೋದು ನಿಮ್ಮಪ್ಪನ ತಲೆ ಮೇಲೆ ಕಣ್ರೀ. ನನಗೆ ಅವರಿಗೆ ಊಟ ಬಡಿಸೋಕೆ ಕೈ ಬರ್ತಿಲ್ಲ."

ಗಂಡ ಬಾಗಿಲು ಬಿಟ್ಟು ಸರಿದ. ಅಂಗಿ ಹಾಕಿಕೊಂಡು ಹಿಂದಿನಿಂದ ಬಂದ.

ಅವಳು ಮಂದಿರದಲ್ಲಿ ಎದ್ದು ನಿಂತಾಗ ಕೈಯಲ್ಲಿ ಕಾಗದವಿರಲಿಲ್ಲ. ಕಾರ್ಯದರ್ಶಿ ಮೆಲ್ಲಗೆ, "ಲೈವ್ ನಿಲ್ಲಿಸ್ಲಾ ಅಕ್ಕಾ?" ಎಂದ.

"ಬೇಡ, ಇರಲಿ," ಎಂದಳು. ಅತ್ತಿಗೆ ನೋಡುತ್ತಿರುತ್ತಾಳೆ ಎಂದು ಗೊತ್ತಿತ್ತು.

"ಮೊಮ್ಮಕ್ಕಳು ಅಂತ ಅವತ್ತು ಓದಿದ್ದು ನಮ್ಮ ಮಾವನ ಮಾತಲ್ಲ. ನಾನು ಗಿರಾಕಿ ನೋಡ್ತಾ ಫೋನಿಗೆ ಹೇಳಿ ಬರೆಸಿದ್ದು. ಓದಿ ನೋಡೋಕೂ ನನಗೆ ಪುರುಸೊತ್ತಿರಲಿಲ್ಲ. ಮಾವ ತಮ್ಮ ಗೆಳೆಯನ ಬಗ್ಗೆ ಹೇಳೋಕೆ ಬಂದ್ರು, ನಾನು ಒಳಗೆ ಹೋಗಿ ಮಲಗಿ ಅಂದೆ. ಆಮೇಲೆ ತಪ್ಪು ತಮ್ಮದು ಅಂತ ಅವರು ಅಂದಾಗ ಬ್ರೆಡ್ ಕೊಯ್ತಾ ಸುಮ್ಮನಿದ್ದೆ. ಅವರ ತಲೆ ನೆಟ್ಟಗಿದೆ. ನೆಟ್ಟಗಿಲ್ಲದ್ದು ನನ್ನದು."

ಹಿಂದಿನ ಬೆಂಚಿನಲ್ಲಿ ಮಾವ ಕಿವಿಗೆ ಕೈ ಹಿಡಿದು ಮುಂದಕ್ಕೆ ಬಾಗಿದ್ದರು.

"ಟೈಲರ್ ದೊಡ್ಡಪ್ಪನ ಬಗ್ಗೆ ನನಗೆ ಗೊತ್ತಿರೋದು ಒಂದೇ," ಅವಳು ಮುಂದುವರಿಸಿದಳು. "ಮದುವೆಯಾಗಿ ಬಂದ ಹೊಸದರಲ್ಲಿ ಭಟ್ಟಿ ನೋಡ್ಕೊಳ್ಳಮ್ಮ ಅಂದಿದ್ರು. ಮರೆತೆ. ಬ್ರೆಡ್ ಕರಕಲಾಯ್ತು. ಮಾವ ಗಿರಾಕಿಗಳ ಮುಂದೆಯೇ ಬೈತಿದ್ರು, ನಾನು ಅಳ್ತಾ ನಿಂತಿದ್ದೆ. ಆಗ ದೊಡ್ಡಪ್ಪ ಒಳಗೆ ಬಂದು, 'ಅಯ್ಯೋ ನನಗೆ ಕರಕಲೇ ಇಷ್ಟ, ಕೊಡಮ್ಮ ಇಲ್ಲಿ' ಅಂದ್ರು. ಅವತ್ತಿಂದ ದಿನಾ ಅದೇ. ಅಷ್ಟು ಕರಕಲು ಬ್ರೆಡ್ ಇಷ್ಟಪಡೋ ಇನ್ನೊಬ್ಬ ಮನುಷ್ಯನ್ನ ನಾನು ನೋಡಿಲ್ಲ. ಇಷ್ಟನ್ನಾದ್ರೂ ಫೋನಿಗೆ ಹೇಳಬಹುದಿತ್ತು. ಅದೂ ನನಗೆ ಹೊಳೀಲಿಲ್ಲ."

ಮುಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು.

ಟೈಲರನ ಹೆಂಡತಿ ಕೂತಲ್ಲಿಂದಲೇ ಮಾತಾಡಿದರು. "ತಪ್ಪು ಕಣಮ್ಮ. ಅವರಿಗೆ ಕರಕಲು ಆಗ್ತಾನೇ ಇರ್ಲಿಲ್ಲ. ಆಮೇಲಾಮೇಲೆ ಹಲ್ಲೂ ಹೋದವು, ಮೆತ್ತಗಿದ್ರೇನೇ ಗಂಟಲಿಗೆ ಇಳೀತಿದ್ದದ್ದು. ದಿನಾ ಬೆಳಿಗ್ಗೆ ನಾನು ಚಾಕು ಹಿಡಿದು ಕರೀದೆಲ್ಲ ಕೆರೆದು, ಒಳಗಿಂದು ಹಾಲಿಗೆ ಹಾಕಿ ಕೊಡ್ತಿದ್ದೆ. ಕೆರೀತಾ ಬೈತಿದ್ದೆ, ಒಳ್ಳೇದು ತರೋಕೇನು ಧಾಡಿ ಅಂತ. 'ಆ ಹುಡುಗಿ ಅಳ್ತಿದ್ಳು, ಬಾಯಿಗೆ ಬಂದದ್ದು ಹೇಳ್ಬಿಟ್ಟೆ. ಈಗ ಬೇಡ ಅಂದ್ರೆ ಆ ಬ್ರೆಡ್ಡಿಗೆ ಅವಳು ಮತ್ತೆ ಬೈಸಿಕೊಳ್ತಾಳೆ' ಅಂತಿದ್ರು."

ಸೊಸೆ ನಿಂತೇ ಇದ್ದಳು. ಕಲ್ಲಿದ್ದಲು ರೆಡಿ ಎಂದು ತಾನು ದಿನಾ ನಗುತ್ತ ಕೊಟ್ಟದ್ದು, ಅವನು ದಿನಾ ನಗುತ್ತ ತೆಗೆದುಕೊಂಡದ್ದು ನೆನಪಾಗಿ ನಾಚಿಕೆಯಿಂದ ಅವಳ ಮುಖ ಸುಟ್ಟುಹೋಯಿತು. ಹಿಂದೆ, ಭಟ್ಟಿ ರಿಪೇರಿ ಮಾಡಿಸದ ಗಂಡ ತಲೆ ಬಗ್ಗಿಸಿ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಸಭೆ ಕಾಯುತ್ತಿತ್ತು. ಟೈಲರನ ಹೆಂಡತಿ ಎತ್ತಿದ ಕೈಯನ್ನು ಇನ್ನೂ ಇಳಿಸಿರಲಿಲ್ಲ.

"ತಿದ್ದಿದ್ದಾರಮ್ಮ," ಹಿಂದಿನ ಬೆಂಚಿನಿಂದ ಮಾವನ ದನಿ ಬಂತು. "ಹೇಳು."

"ಒಪ್ಪಿದೆ," ಎಂದಳು ಸೊಸೆ.